ಸಾಹಚರ್ಯವೂ ಕಾರಣವೂ

ತನ್ನ ಕೋಳಿ ಕೂಗಿದರೆ ಮಾತ್ರ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ಕನ್ನಡ ನಾಡಿನಲ್ಲಿ ಕೇಳದವರು ವಿರಳ. ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಆಕೆ ಕಾಡಿಗೆ ಹೊರಟುಹೋದಳು. ಊರಿಗೆ ಎಂದಿನಂತೆ ಬೆಳಗಾಯಿತು. ಕಥೆಯನ್ನು ಕೇಳಿದ ಮಕ್ಕಳು ನಗುವರು. ಆದರೆ ವಿಚಾರಮಾಡಿ ನೋಡಿದರೆ ಅಜ್ಜಿಯು ಕೇವಲ ನಗೆಗೆ ಪಾತ್ರಳಾದವಳಲ್ಲ. ಕೋಳಿಯ ಕೂಗು ಬೆಳಗಿಗೆ ಮುಂಚೆ ಬರುವುದನ್ನು ಆಕೆ ವರ್ಷಗಟ್ಟಲೆ ಕೇಳಿದ್ದಳು. ಆ ಕ್ರಮವು ಒಂದು ದಿನವೂ ತಪ್ಪಿರಲಿಲ್ಲ. ಆಕೆಯ ಅನುಭವವು ಸುಳ್ಳಲ್ಲ. ಆ ಅನುಭವದಿಂದ ಆಕೆ ಮಾಡಿಕೊಂಡ ನಿರ್ಣಯವು ಸುಳ್ಳು. ಎರಡು ಸಂಗತಿಗಳು ಜೊತೆಯಾಗಿ ಬರುವುದನ್ನು ಕಂಡು, ಒಂದು ಇನ್ನೊಂದನ್ನು ಉಂಟುಮಾಡುವುದೆಂದು ಆಕೆ ತಿಳಿದಳು.

ಕೋಳಿಯ ವಿಷಯದಲ್ಲಿ ಇಂಥ ತಪ್ಪಿನಿಂದ ಲೋಕಕ್ಕೆ ಹಾನಿಯಿಲ್ಲ. ಅಜ್ಜಿಯ ಅಭಿಪ್ರಾಯವನ್ನು ಕೇಳಿ ಸೂರ್ಯನು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಮನುಷ್ಯರ ವಿಷಯದಲ್ಲಿ ಹಾಗಲ್ಲ. ಇಂಥ ಕುಲದವರಲ್ಲಿ ಕಳ್ಳತನ ಹೆಚ್ಚು, ಇಂಥ ಕೇರಿಯ ಮಕ್ಕಳಲ್ಲಿ ವಿದ್ಯೆ ಕಡಮೆ, ಇಂಥ ಮನೆತನದಲ್ಲಿ ಬುದ್ಧಿಭ್ರಮಣೆ ಉಂಟು ಎಂಬ ಮಾತುಗಳೆಲ್ಲ ಎರಡು ಸಂಗತಿಗಳ ಸಾಹಚರ್ಯವನ್ನು ಮಾತ್ರ ಹೇಳುವವು. ಆದರೆ ಕೇಳಿದವರು ಅದನ್ನು ಕಾರಣವೆಂದು ತಿಳಿಯುವರು, ತಿಳಿದಂತೆಯೇ ನಡೆದುಕೊಳ್ಳುವರು. ಹಾಗೆ ನಡೆದುಕೊಂಡುದರ ಫಲವನ್ನು ಉಣ್ಣುವವನು ನಿರ್ಣಯಮಾಡಿದವನಲ್ಲ, ನಿರ್ಣಯಕ್ಕೆ ಗುರಿಯಾದವನು. ಆದುದರಿಂದ ಸಾಹಚರ್ಯಕ್ಕೂ ಕಾರಣಕ್ಕೂ ಇರುವ ಭೇದವು ತರ್ಕಶಾಸ್ತ್ರದ ಒಂದು ಸೂಕ್ಷ್ಮವಷ್ಟೇ ಅಲ್ಲ. ಅದು ಧರ್ಮಾಧರ್ಮಗಳಿಗೆ ಸಂಬಂಧಪಟ್ಟ ಪ್ರಶ್ನೆಯೂ ಹೌದು.

ಈ ಭೇದವನ್ನು ಭಾರತೀಯ ತಾರ್ಕಿಕರು ಬಹು ಹಿಂದೆಯೇ ಅರಿತಿದ್ದರು. ಕಾಗೆಯು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದರೆ, ಕಾಗೆಯಿಂದಲೇ ಹಣ್ಣು ಬಿತ್ತೆನ್ನಬಾರದೆಂಬುದು ಕಾಕತಾಳೀಯ ನ್ಯಾಯ. ಇದು ಒಮ್ಮೆ ನಡೆದ ಆಕಸ್ಮಿಕದ ಮಾತು. ಮತ್ತೆ ಮತ್ತೆ ಜೊತೆಯಾಗಿ ಕಾಣುವ ಸಂಗತಿಗಳ ವಿಷಯದಲ್ಲಿ ನೈಯಾಯಿಕರ ಪರೀಕ್ಷೆಯು ಇನ್ನೂ ಬಿಗಿಯಾದುದು. ಅಡಿಗೆಯ ಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನು ಬೆಟ್ಟದ ಮೇಲಣ ಹೊಗೆಯನ್ನು ನೋಡಿ ಅಲ್ಲಿ ಬೆಂಕಿಯುಂಟೆಂದು ಊಹಿಸುವನು. ಇದು ಸರಿಯಾದ ಅನುಮಾನ. ಅದನ್ನೇ ತಿರುಗಿಸಿ, ಎಲ್ಲಿ ಬೆಂಕಿಯುಂಟೋ ಅಲ್ಲಿ ಹೊಗೆಯುಂಟು ಎಂದರೆ ತಪ್ಪಾಗುವುದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಯು ಹೊಗೆಯಾಡಬೇಕಾದರೆ ಹಸಿ ಕಟ್ಟಿಗೆ ಬೇಕು. ಕಣ್ಣಿಗೆ ಬೀಳದೆ ನಡುವೆ ನಿಂತು, ಎರಡನ್ನೂ ಕೂಡಿಸಿದಂತೆ ತೋರಿಸುವ ಈ ಹಸಿ ಕಟ್ಟಿಗೆಯನ್ನು ಅವರು ‘ಉಪಾಧಿ’ ಎಂದು ಕರೆದರು. ಉಪಾಧಿಯಿಲ್ಲವೆಂದು ತಿಳಿಯುವವರೆಗೆ ವ್ಯಾಪ್ತಿಯನ್ನು ನಂಬಕೂಡದೆಂಬುದು ಅವರ ಮತ.

ಅವರು ಕೊಟ್ಟ ಇನ್ನೊಂದು ದೃಷ್ಟಾಂತವು ಕುಂಬಾರನ ಕತ್ತೆಯದು. ಮಡಕೆಗೆ ಮಣ್ಣು ಕಾರಣ, ತಿಗುರಿ ಕಾರಣ, ಕುಂಬಾರನೂ ಕಾರಣ. ಮಣ್ಣನ್ನು ಹೊತ್ತು ತಂದ ಕತ್ತೆಯೂ ಮಡಕೆಯಾಗುವ ಮುನ್ನ ಅಂಗಳದಲ್ಲಿ ನಿಂತಿರುವುದು. ಆದರೂ ಅದನ್ನು ಮಡಕೆಯ ಕಾರಣವೆನ್ನುವುದಿಲ್ಲ. ಬಂಡಿಯಲ್ಲಿ ಮಣ್ಣು ತಂದರೂ ಮಡಕೆಯು ಆಗಿಯೇ ಆಗುವುದು. ಇಂಥದಕ್ಕೆ ‘ಅನ್ಯಥಾಸಿದ್ಧ’ವೆಂದು ಹೆಸರು. ಇದ್ದರೂ ಇಲ್ಲದಿದ್ದರೂ ಫಲವು ಸಿದ್ಧಿಸುವುದಾದರೆ ಅದು ಜೊತೆಗಾರನೇ ಹೊರತು ಕಾರಣವಲ್ಲ.

ಪಾಶ್ಚಾತ್ಯ ಪಂಡಿತರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸಾಹಚರ್ಯಕ್ಕೆ ಒಂದು ಅಳತೆಯನ್ನು ಕಂಡುಹಿಡಿದರು. ಫ್ರಾನ್ಸಿಸ್ ಗಾಲ್ಟನ್ 1888ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಮನುಷ್ಯರ ಎತ್ತರ, ಮೊಳದ ಉದ್ದ ಮೊದಲಾದವುಗಳನ್ನು ಅಳೆದು, ಒಂದು ಹೆಚ್ಚಿದಾಗ ಇನ್ನೊಂದು ಎಷ್ಟರಮಟ್ಟಿಗೆ ಹೆಚ್ಚುವುದೆಂಬುದನ್ನು ಸಂಖ್ಯೆಯಿಂದ ತೋರಿಸಿದನು. ಕಾರ್ಲ್ ಪಿಯರ್ಸನ್ 1896ರಲ್ಲಿ ಅದಕ್ಕೆ ಗಣಿತದ ಸೂತ್ರವನ್ನು ಕೊಟ್ಟನು. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬವನು ಈ ಅಳತೆಯನ್ನು ಮನಸ್ಸಿನ ಶಕ್ತಿಗಳಿಗೆ ಹಚ್ಚಿದನು. ಇಂಗ್ಲೆಂಡಿನ ಒಂದು ಹಳ್ಳಿಯ ಶಾಲೆಯ ಮಕ್ಕಳು ಸ್ವರ, ಬೆಳಕು, ತೂಕಗಳ ಭೇದವನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸುವರೆಂದು ಪರೀಕ್ಷಿಸಿ, ಉಪಾಧ್ಯಾಯರು ಅವರ ಜಾಣತನಕ್ಕೆ ಕೊಟ್ಟ ಸ್ಥಾನಗಳೊಡನೆ ಅದನ್ನು ಹೋಲಿಸಿದನು. ಬೇರೆಬೇರೆಯಾಗಿ ಕಾಣುವ ಶಕ್ತಿಗಳೆಲ್ಲ ಪರಸ್ಪರ ಹೊಂದಿಕೊಂಡು ಹೆಚ್ಚುಕಡಮೆಯಾಗುವುದನ್ನು ಕಂಡು, ಅವೆಲ್ಲಕ್ಕೂ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿಯಿರಬೇಕೆಂದು ಆತನು ವಾದಿಸಿದನು.

ಈ ವಿದ್ಯೆಯು ಕನ್ನಡ ನಾಡಿಗೆ ಬಂದುದೂ ಆ ಸ್ಪಿಯರ್‌ಮನ್ನನ ಶಿಷ್ಯರೊಬ್ಬರಿಂದಲೇ. ಲಂಡನ್ನಿನಲ್ಲಿ ಆತನ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಶಾಖೆಯನ್ನೂ ಪ್ರಯೋಗಶಾಲೆಯನ್ನೂ ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಪ್ರಸಾರ ಕೇಂದ್ರವನ್ನು ಆರಂಭಿಸಿದವರೆಂದು ಅವರನ್ನು ಬಹು ಮಂದಿ ಬಲ್ಲರು. ಮಾನಸಿಕ ಶಕ್ತಿಗಳ ಮಾಪನವನ್ನು ನಾಡಿಗೆ ಪರಿಚಯಮಾಡಿಸಿದವರೆಂದು ಬಲ್ಲವರು ಕಡಮೆ. ಉತ್ತರದ ಕಡೆ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಗಳನ್ನು ಕನ್ನಡ ಮರಾಠಿ ಮಕ್ಕಳಿಗೆ ಒಪ್ಪುವಂತೆ ಮಾರ್ಪಡಿಸಿ, 1940ರಲ್ಲಿ ಆ ಕುರಿತು ಒಂದು ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ವಿದೇಶದ ಪ್ರಶ್ನೆಗಳನ್ನು ಹಾಗೆಯೇ ಭಾಷಾಂತರಿಸಿ ಕೇಳಿದರೆ ಮಗುವಿನ ಬುದ್ಧಿಯನ್ನು ಅಳೆದಂತಾಗುವುದಿಲ್ಲ, ಅದರ ಅಪರಿಚಯವನ್ನು ಅಳೆದಂತಾಗುವುದು ಎಂಬ ಎಚ್ಚರವು ಅಂಥ ಕೆಲಸದ ಮೂಲದಲ್ಲಿಯೇ ಇರುವುದು.

ಈ ಅಳತೆಯು ಹೇಗೆ ನಡೆಯುವುದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಒಂದು ಊರಿನ ಶಾಲೆಯಲ್ಲಿ ಐವರು ವಿದ್ಯಾರ್ಥಿಗಳಿರುವರೆಂದು ಇಟ್ಟುಕೊಂಡರೆ, ಅವರು ಲೆಕ್ಕದಲ್ಲಿ 1, 2, 3, 4, 5 ಎಂಬ ಸ್ಥಾನಗಳನ್ನೂ, ಕನ್ನಡ ವಾಚನದಲ್ಲಿ ಅದೇ ಕ್ರಮದಲ್ಲಿ 2, 1, 3, 5, 4 ಎಂಬ ಸ್ಥಾನಗಳನ್ನೂ ಪಡೆದಿರಲಿ. ಪ್ರತಿಯೊಬ್ಬನ ಎರಡು ಸ್ಥಾನಗಳ ಅಂತರವನ್ನು ವರ್ಗಮಾಡಿ ಕೂಡಿದರೆ 4 ಬರುವುದು. ಅದನ್ನು 6ರಿಂದ ಗುಣಿಸಿದರೆ 24. ವಿದ್ಯಾರ್ಥಿಗಳ ಸಂಖ್ಯೆಯಾದ 5ನ್ನು, ಅದರ ವರ್ಗದಿಂದ ಒಂದನ್ನು ಕಳೆದ 24ರಿಂದ ಗುಣಿಸಿದರೆ 120. 24ನ್ನು 120ರಿಂದ ಭಾಗಿಸಿ, ಬಂದ 0.2ನ್ನು 1ರಿಂದ ಕಳೆದರೆ 0.8 ಉಳಿಯುವುದು. ಇದೇ ಸಹಸಂಬಂಧಾಂಕ. ಎರಡು ಸಾಲುಗಳೂ ಪೂರ್ತಿಯಾಗಿ ಹೊಂದಿದರೆ ಅದು ಧನ 1 ಆಗುವುದು. ಒಂದು ಏರಿದಂತೆಲ್ಲ ಇನ್ನೊಂದು ತಪ್ಪದೆ ಇಳಿದರೆ ಋಣ 1. ಏರಿಳಿತಗಳಿಗೆ ಪರಸ್ಪರ ಹೊಂದಿಕೆಯೇ ಇಲ್ಲದಿದ್ದರೆ ಸೊನ್ನೆ. ಐವರ ಲೆಕ್ಕವು ರೀತಿಯನ್ನು ತೋರಿಸುವುದಕ್ಕೆ ಸಾಕು, ನಂಬುವುದಕ್ಕೆ ಸಾಲದು. ಕೆಲವೇ ಮಂದಿಯಲ್ಲಿ ಕಂಡ ಹೊಂದಿಕೆಯು ಕಾಗೆಯೂ ತಾಳೆಯ ಹಣ್ಣೂ ಕೂಡಿದಂತೆ ಆಕಸ್ಮಿಕವಾಗಿರಬಹುದು.

ಇಷ್ಟು ಸುಲಭವೂ ಇಷ್ಟು ನಿಷ್ಕೃಷ್ಟವೂ ಆದ ಅಳತೆಯು ಕೈಗೆ ಸಿಕ್ಕಿದಾಗ, ಅದು ಹೇಳದುದನ್ನೂ ಅದರ ಬಾಯಿಂದ ಹೇಳಿಸುವ ಆಸೆ ಹುಟ್ಟುವುದು ಸಹಜ. ಸಹಸಂಬಂಧಾಂಕವು ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ನಡೆಯುವವೆಂಬುದನ್ನು ಹೇಳುವುದು; ಏಕೆ ಜೊತೆಯಾಗಿ ನಡೆಯುವವೆಂಬುದನ್ನು ಹೇಳದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರಬಹುದು. ಎರಡನೆಯದೇ ಮೊದಲನೆಯದಕ್ಕೆ ಕಾರಣವಾಗಿರಬಹುದು. ಇವೆರಡಕ್ಕೂ ಕಾರಣವಾದ ಮೂರನೆಯದೊಂದು ಮರೆಯಲ್ಲಿರಬಹುದು. ಈ ಮೂರು ಪಕ್ಷಗಳಲ್ಲಿಯೂ ಅಂಕಿಯು ಒಂದೇ ಆಗಿರುವುದು. ಅಂಜುವ ಮಗು ಲೆಕ್ಕದಲ್ಲಿ ಹಿಂದೆ ಬೀಳುವುದೋ, ಲೆಕ್ಕದಲ್ಲಿ ಹಿಂದೆ ಬಿದ್ದುದರಿಂದ ಅಂಜುವುದೋ, ಹೊಡೆಯುವ ಉಪಾಧ್ಯಾಯನಿಂದ ಅಂಜಿಕೆಯೂ ಹಿಂಬೀಳುವಿಕೆಯೂ ಕೂಡಿಯೇ ಬಂದುವೋ ಎಂಬುದನ್ನು 0.6 ಎಂಬ ಅಂಕಿಯು ಎಷ್ಟು ನೋಡಿದರೂ ತಿಳಿಸದು.

ಅದೇ ಕಲ್ಪಿತ ಶಾಲೆಗೆ ಸುತ್ತಣ ತಾಂಡಾಗಳಿಂದ ಲಂಬಾಣಿ ಮಕ್ಕಳೂ ಬರುವರೆಂದು ತಿಳಿಯೋಣ. ತಾಂಡಾದಿಂದ ಬಂದವರ ಅಂಕಗಳು ಊರಿನ ಮಕ್ಕಳ ಅಂಕಗಳಿಗಿಂತ ಕಡಮೆಯಾಗಿವೆಯೆಂದು ಪಟ್ಟಿಯು ತೋರಿಸಿದರೆ, ಆತುರದವನು ಹುಟ್ಟಿನ ಮೇಲೆ ಹೊರೆ ಹೊರಿಸಿ ಸುಮ್ಮನಾಗುವನು. ಉಪಾಧಿಯನ್ನು ಹುಡುಕುವವನು ಬೇರೆ ಪ್ರಶ್ನೆಗಳನ್ನು ಕೇಳುವನು. ಆ ಮಕ್ಕಳು ಮನೆಯಲ್ಲಿ ಆಡುವ ಮಾತು ಲಂಬಾಣಿ; ಶಾಲೆಯಲ್ಲಿ ಕೇಳುವುದು ಕನ್ನಡ. ಸುಗ್ಗಿ ತೀರಿದ ಮೇಲೆ ತಂದೆತಾಯಿಗಳು ಕಬ್ಬು ಕಡಿಯುವುದಕ್ಕೋ ಬೇರೆ ಕೂಲಿಗೋ ದೂರದ ಸೀಮೆಗೆ ಗುಳೆ ಹೋದರೆ, ಮಕ್ಕಳೂ ಜೊತೆಯಲ್ಲಿ ಹೋಗುವರು. ಇಲ್ಲವೆ ಮುದುಕರ ವಶದಲ್ಲಿ ಉಳಿಯುವರು. ಶಾಲೆಗೆ ನಡೆಯತಕ್ಕ ದಾರಿಯ ಉದ್ದವೂ ಒಂದು ಸಂಗತಿಯೇ. ಒಂದೇ ದೂರದಿಂದ ಬರುವ, ಒಂದೇ ಸಮನಾಗಿ ಹಾಜರಾಗುವ, ಮೊದಲ ತರಗತಿಯಲ್ಲಿ ತಮ್ಮ ಮಾತಿನಲ್ಲಿಯೇ ಪಾಠ ಕೇಳಿದ ಮಕ್ಕಳನ್ನು ಹೋಲಿಸಿ ನೋಡಿದ ಮೇಲೂ ಭೇದವು ಉಳಿಯುವುದೆ? ಈ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಹುಟ್ಟಿನ ಮಾತೆತ್ತುವುದು ಕುಂಬಾರನ ಕತ್ತೆಯನ್ನು ಮಡಕೆಯ ಕಾರಣವೆಂದಂತೆ.

ಹಾಗಾದರೆ ಇಂಥ ಅಪಾಯದ ವಿಧಾನವನ್ನು ಮನಶ್ಶಾಸ್ತ್ರಜ್ಞರು ಬಿಟ್ಟುಬಿಡಬಾರದೇಕೆ ಎಂದು ಕೇಳಬಹುದು. ಬಿಡುವುದು ಸಾಧ್ಯವಿಲ್ಲ. ರಸಾಯನಶಾಸ್ತ್ರಜ್ಞನು ತನ್ನ ಗಾಜಿನ ನಳಿಗೆಯಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಾಯಿಸಿ, ಕಾರಣವನ್ನು ಕೈಯಿಂದ ಹಿಡಿಯಬಲ್ಲನು. ಮನುಷ್ಯರ ಮೇಲೆ ಹಾಗೆ ಮಾಡುವುದಕ್ಕೆ ಧರ್ಮವು ಒಪ್ಪದು. ಹಸಿವಿನಿಂದ ಬುದ್ಧಿ ಕುಂದುವುದೋ ಎಂದು ತಿಳಿಯುವುದಕ್ಕಾಗಿ ನೂರು ಮಕ್ಕಳನ್ನು ಹಸಿವಿನಲ್ಲಿ ಇಡಲಾಗದು. ತಾಯಿಯಿಲ್ಲದ ಮಗುವಿನ ಮನಸ್ಸನ್ನು ಅರಿಯುವುದಕ್ಕಾಗಿ ಯಾವ ಮಗುವನ್ನೂ ತಾಯಿಯಿಂದ ಕಿತ್ತುಕೊಳ್ಳಲಾಗದು. ಲೋಕದಲ್ಲಿ ತಾನಾಗಿ ನಡೆದುಹೋದುದನ್ನು ಎಣಿಸಿ, ಅಳೆದು, ಹೋಲಿಸುವುದೊಂದೇ ಅಲ್ಲಿ ಉಳಿದ ದಾರಿ. ಹೀಗೆ ಸಹಸಂಬಂಧದ ವಿಧಾನವು ಒಂದು ಧರ್ಮಸಂಯಮದ ಫಲವೂ ಆಗಿರುವುದು. ಆ ಸಂಯಮವನ್ನು ವಿಧಾನದಲ್ಲಿ ಪಾಲಿಸಿದವನು ನಿರ್ಣಯದಲ್ಲಿ ಕೈಬಿಟ್ಟರೆ, ಗಳಿಸಿದ ಪುಣ್ಯವು ಅಲ್ಲಿಯೇ ಸೋರಿಹೋಗುವುದು.

ನಿರ್ಣಯದಲ್ಲಿ ಸಂಯಮವು ತಪ್ಪಿದರೆ ಆಗುವುದೇನೆಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಸಾಕ್ಷಿಯುಂಟು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಪ್ರದೇಶವು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವುದು. 1953ಕ್ಕೆ ಮುಂಚೆ ಅದು ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸಿನ ಆಡಳಿತದಲ್ಲಿತ್ತು. ಮದರಾಸು ಪ್ರಾಂತದಲ್ಲಿ 1911ರ ಕಾಯಿದೆಯು ಜಾರಿಗೆ ಬಂದಾಗ ಅನೇಕ ಕುಲಗಳನ್ನು ಸರ್ಕಾರವು ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸಿತು. ಉತ್ತರ ಹಿಂದೂಸ್ಥಾನದಲ್ಲಿ 1871ರಲ್ಲಿಯೇ ಇಂಥ ಕಾನೂನು ಹುಟ್ಟಿತ್ತು. ಸೀಮೆಗೊಂದು ಹೆಸರಿನಿಂದ ಕೊರವ, ಕೊರಚ, ಕೊರಮ ಎಂದು ಕರೆಯಿಸಿಕೊಳ್ಳುತ್ತಿದ್ದ ಜನರು ಮದರಾಸಿನ ಪಟ್ಟಿಯಲ್ಲಿ ಮುಖ್ಯರಾದವರು. ಪಟ್ಟಿಯಲ್ಲಿ ಹೆಸರು ಬಂದವನು ಬೆರಳಚ್ಚು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹೇಳಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆ ಶಾಲೆಗಳಲ್ಲಿಡುವುದಕ್ಕೂ ಆ ಕಾಯಿದೆಯಲ್ಲಿ ಅವಕಾಶವಿತ್ತು. ಆ ಮಗು ಕದ್ದಿದೆಯೆ ಎಂದು ಕೇಳುವ ಅಗತ್ಯವಿರಲಿಲ್ಲ. ಹುಟ್ಟಿದ ಕುಲವೇ ಉತ್ತರವಾಗಿತ್ತು.

ಅಧಿಕಾರಿಗಳ ಬಳಿ ಲೆಕ್ಕಪತ್ರಗಳಿರಲಿಲ್ಲವೆಂದಲ್ಲ. ಪೋಲೀಸು ದಫ್ತರಗಳಲ್ಲಿ ಆ ಕುಲಗಳವರ ಹೆಸರುಗಳಿದ್ದುವು. ಕಳವಿಗೂ ಕುಲಕ್ಕೂ ಸಾಹಚರ್ಯವು ಕಂಡುದು ಪೂರ್ತಿ ಕಲ್ಪನೆಯಾಗಿರಲಿಲ್ಲ. ಅವರು ಹುಡುಕದೆ ಬಿಟ್ಟುದು ಉಪಾಧಿಯನ್ನು. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದನ್ನು ಹುಡುಕಿ ತೋರಿಸಿರುವರು. ಕೊರವರು ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು, ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ನಡೆಸುತ್ತಿದ್ದ ಜನ. ರೈಲು ದಾರಿಗಳು ಬಂದುವು. ಬಂಡಿಗಟ್ಟಲೆ ಸರಕು ಒಂದೇ ದಿನದಲ್ಲಿ ಊರು ಸೇರತೊಡಗಿತು. ಬಳ್ಳಾರಿಯಿಂದ ಹೊಸಪೇಟೆಯ ಮೇಲೆ ಗದಗಿನ ಕಡೆಗೆ ದಾರಿ ಬಿದ್ದುದು 1880ರ ದಶಕದಲ್ಲಿ. ಅದೇ ಕಾಲದಲ್ಲಿ ಉಪ್ಪಿನ ಮೇಲಣ ಸರ್ಕಾರದ ಹಿಡಿತವು ಬಿಗಿಯಾಯಿತು. ಇವೆರಡರ ನಡುವೆ ಧಾತು ಈಶ್ವರ ಸಂವತ್ಸರಗಳ ಭೀಕರ ಬರವು, ಎಂದರೆ 1876ರಿಂದ 1878ರವರೆಗಿನ ಕ್ಷಾಮವು ಬಂದಿತು. ಅದರಿಂದ ಅತಿ ಹೆಚ್ಚಾಗಿ ನೊಂದ ಸೀಮೆಗಳಲ್ಲಿ ಬಳ್ಳಾರಿಯೂ ಒಂದು. ಹೇರಿನ ಎತ್ತುಗಳು ಮೇವಿಲ್ಲದೆ ಸತ್ತುವು. ಹೇರುವುದಕ್ಕೆ ಸರಕೂ ಉಳಿಯಲಿಲ್ಲ. ಮೊದಲು ವರ್ತಕರಾಗಿ ಊರಿಗೆ ಬೇಕಾದವರು, ವ್ಯಾಪಾರ ಹೋದಮೇಲೆ ಗೊತ್ತುಗುರಿಯಿಲ್ಲದ ಅಲೆಮಾರಿಗಳಾಗಿ ಊರಿಗೆ ಸಂಶಯದವರಾದರು. ಅಲೆಯುವುದೇ ಅಪರಾಧದ ಗುರುತೆಂದು ಬರೆದವರಿಗೆ, ಅಲೆಯುವುದೇ ಅವರ ವೃತ್ತಿಯಾಗಿತ್ತೆಂಬುದು ಮರೆತುಹೋಗಿತ್ತು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸತಕ್ಕದ್ದು. ಪಟ್ಟಿಯಲ್ಲಿರುವವನ ಮನೆಯನ್ನು ಪೋಲೀಸರು ಮೊದಲು ಶೋಧಿಸುವರು. ಊರಿನಲ್ಲಿ ಕಳವಾದರೆ ಅವನನ್ನೇ ಮೊದಲು ಹಿಡಿಯುವರು. ಹಾಜರಿಗೆ ತಪ್ಪಿದರೆ ಅದೂ ಒಂದು ಅಪರಾಧವೆಂದು ಬರೆಯಲ್ಪಡುವುದು. ಹುಡುಕಿದಲ್ಲಿ ಹೆಚ್ಚು ಸಿಕ್ಕುವುದು ಸಹಜ. ಹುಡುಕದಲ್ಲಿ ಏನೂ ಸಿಕ್ಕದಿರುವುದೂ ಸಹಜ. ಹೀಗೆ ಮೊದಲು ಮಾಡಿದ ನಿರ್ಣಯವೇ ಮುಂದಣ ವರ್ಷದ ಲೆಕ್ಕವನ್ನು ಹುಟ್ಟಿಸುವುದು. ಆ ಲೆಕ್ಕವೇ ನಿರ್ಣಯಕ್ಕೆ ಮತ್ತೆ ಸಾಕ್ಷಿಯಾಗುವುದು. ಶಾಲೆಯಲ್ಲಿಯೂ ಇದೇ ರೀತಿ. ದಡ್ಡನೆಂದು ಹಿಂದಣ ಸಾಲಿನಲ್ಲಿ ಕೂರಿಸಿ, ಪ್ರಶ್ನೆ ಕೇಳದೆ ಬಿಟ್ಟ ಹುಡುಗನು ವರ್ಷದ ಕೊನೆಯಲ್ಲಿ ದಡ್ಡನಾಗಿಯೇ ಕಾಣುವನು. ಉಪಾಧ್ಯಾಯನು ತನ್ನ ಎಣಿಕೆಯು ಸರಿಯಾಯಿತೆಂದು ತೃಪ್ತನಾಗುವನು.

ಸಹಸಂಬಂಧದ ವಿಧಾನವೇ ಈ ಅನ್ಯಾಯಕ್ಕೆ ಹೊಣೆಯೆಂದರೆ ಅದೂ ಸರಿಯಾಗದು. ಆ ವಿಧಾನವೇ ಅದರ ಪರಿಹಾರಕ್ಕೂ ನೆರವಾಗುವುದು. ಮದರಾಸು ಪ್ರಾಂತದಲ್ಲಿ 1860ರಿಂದ 1940ರವರೆಗೆ ನಡೆದ ದರೋಡೆಗಳನ್ನು ಕುರಿತು ಇತಿಹಾಸಕಾರ ಡೇವಿಡ್ ಆರ್ನಾಲ್ಡ್ 1979ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಳೆ ಹೋಗಿ ಧಾನ್ಯದ ಬೆಲೆ ಏರಿದ ವರ್ಷಗಳಲ್ಲಿ ದರೋಡೆಗಳೂ ಏರಿದುವೆಂಬುದು ಅದರಿಂದ ತಿಳಿದುಬರುವುದು. ಕುಲವು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ, ಬೆಲೆಯು ಬದಲಾಗುವುದು. ಬದಲಾಗದ ಕುಲದಿಂದ ಬದಲಾಗುವ ಅಪರಾಧವನ್ನು ವಿವರಿಸುವುದು ಹೇಗೆ? ಅಧಿಕಾರಿಗಳು ಅಪರಾಧವನ್ನು ಹುಟ್ಟಿನ ಪಕ್ಕದಲ್ಲಿಟ್ಟು ನೋಡಿದರು. ಧಾನ್ಯದ ಬೆಲೆಯ ಪಕ್ಕದಲ್ಲಿಟ್ಟಿದ್ದರೆ ಅವರಿಗೆ ಕಳ್ಳರ ಕುಲದ ಬದಲು ಹಸಿದವರ ಗುಂಪು ಕಾಣುತ್ತಿತ್ತು. ಯಾವುದನ್ನು ಯಾವುದರ ಜೊತೆಯಿಟ್ಟು ಎಣಿಸಬೇಕೆಂಬುದನ್ನು ಗಣಿತವು ಹೇಳುವುದಿಲ್ಲ. ಎಣಿಸುವವನ ಮನಸ್ಸು ಹೇಳುವುದು. ಧರ್ಮದ ಪ್ರಶ್ನೆಯು ಆರಂಭವಾಗುವುದು ಲೆಕ್ಕದ ಕೊನೆಯಲ್ಲಲ್ಲ, ಲೆಕ್ಕಕ್ಕೆ ಗೆರೆಯೆಳೆಯುವ ಹೊತ್ತಿನಲ್ಲಿಯೇ.

ಸಾಹಚರ್ಯವು ನಿಜವಾಗಿಯೂ ಕಾರಣದಿಂದಲೇ ಬಂದಿತೆಂದು ಒಪ್ಪಿಕೊಂಡರೂ, ಒಬ್ಬ ವ್ಯಕ್ತಿಯನ್ನು ಅದರಿಂದ ತೂಗಲಾಗದು. ಮನಶ್ಶಾಸ್ತ್ರದಲ್ಲಿ 0.5 ಎಂಬ ಸಹಸಂಬಂಧಾಂಕವು ಸಾಕಷ್ಟು ದೊಡ್ಡದೆಂದೇ ಎಣಿಸಲ್ಪಡುವುದು. ಪ್ರವೇಶ ಪರೀಕ್ಷೆಗೂ ಮುಂದಣ ವಿದ್ಯಾಭ್ಯಾಸಕ್ಕೂ ಅಷ್ಟು ಸಂಬಂಧವಿದೆಯೆಂದು ಇಟ್ಟುಕೊಳ್ಳಲಿ. ಸಾಮಾನ್ಯ ವಿತರಣೆಯ ಗಣಿತದಂತೆ, ಪ್ರವೇಶ ಪರೀಕ್ಷೆಯಲ್ಲಿ ಕೆಳಗಣ ಅರ್ಧದಲ್ಲಿ ಬಿದ್ದ ನೂರು ಮಕ್ಕಳಲ್ಲಿ ಸುಮಾರು 67 ಮಂದಿ ಮುಂದೆಯೂ ಕೆಳಗಣ ಅರ್ಧದಲ್ಲಿಯೇ ಉಳಿಯುವರು. ಉಳಿದ 33 ಮಂದಿ ಮೇಲಣ ಅರ್ಧಕ್ಕೆ ಏರುವರು. ಪರೀಕ್ಷೆಯನ್ನು ನಂಬಿ ನೂರು ಮಂದಿಯನ್ನೂ ಹೊರಗಿಟ್ಟವನು ಮೂವರಲ್ಲಿ ಒಬ್ಬನಿಗೆ ಅನ್ಯಾಯ ಮಾಡಿದಂತಾಯಿತು. ಸಾವಿರಾರು ಜನರ ಸಮೂಹವನ್ನು ಕುರಿತು ಆ ಅಂಕಿಯು ನಿಜವನ್ನೇ ಹೇಳುವುದು. ಬಾಗಿಲ ಬಳಿ ಪಾಟೀಚೀಲ ಹಿಡಿದು ನಿಂತ ಒಂದು ಮಗುವನ್ನು ಕುರಿತು ಅದು ಏನನ್ನೂ ನಿಶ್ಚಯವಾಗಿ ಹೇಳದು. ಶಾಸ್ತ್ರಜ್ಞನಿಗೆ ಸಮೂಹದೊಡನೆ ವ್ಯವಹಾರ. ಉಪಾಧ್ಯಾಯನಿಗೂ ನ್ಯಾಯಾಧಿಪತಿಗೂ ತಂದೆತಾಯಿಗೂ ಒಬ್ಬೊಬ್ಬನೊಡನೆ ವ್ಯವಹಾರ.

ಇದರ ಎದುರು ಬದಿಯಲ್ಲಿ ಮತ್ತೊಂದು ತಪ್ಪು ಕಾದುಕೊಂಡಿರುವುದು. ಇದು ಬರಿಯ ಸಾಹಚರ್ಯ, ಕಾರಣವು ಸಿದ್ಧವಾಗಿಲ್ಲ ಎಂಬ ಮಾತನ್ನೇ ಗುರಾಣಿಯಾಗಿ ಹಿಡಿದು, ಮಾಡಬೇಕಾದ ಕರ್ತವ್ಯದಿಂದ ನುಣುಚಿಕೊಳ್ಳುವವರುಂಟು. ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬವರು 1950ರಲ್ಲಿ ಧೂಮಪಾನಕ್ಕೂ ಪುಪ್ಪುಸದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದಾಗ, ಗಣನಶಾಸ್ತ್ರದಲ್ಲಿ ಅಗ್ರಗಣ್ಯನಾಗಿದ್ದ ಆರ್. ಎ. ಫಿಶರ್ ಅದನ್ನು ಒಪ್ಪಲಿಲ್ಲ. ಸೇದುವ ಚಪಲಕ್ಕೂ ರೋಗಕ್ಕೂ ಮೂಲವಾದ ಯಾವುದೋ ವಂಶಗುಣವಿರಬಹುದೆಂದು ಆತನು ವಾದಿಸಿದನು. ತರ್ಕದ ದೃಷ್ಟಿಯಿಂದ ಆ ಆಕ್ಷೇಪಣೆಯು ನ್ಯಾಯವಾದುದೇ. ಅದಕ್ಕೆ ಉತ್ತರವು ವಾದದಿಂದ ಬರಲಿಲ್ಲ. ಮತ್ತಷ್ಟು ಎಣಿಕೆಯಿಂದ ಬಂದಿತು. ಹೆಚ್ಚು ಸೇದಿದವರಿಗೆ ರೋಗವು ಹೆಚ್ಚಾಗಿ ಬಂದುದು, ಬಿಟ್ಟವರಿಗೆ ಅಪಾಯವು ಕಡಮೆಯಾದುದು, ಬೇರೆಬೇರೆ ದೇಶಗಳಲ್ಲಿಯೂ ಅದೇ ಕಂಡುದು, ಸೇದುವಿಕೆಯು ಮೊದಲು ರೋಗವು ಆಮೇಲೆ ಬಂದುದು, ಇವೆಲ್ಲ ಕೂಡಿ ಸಂಶಯವನ್ನು ತೆಗೆದುಹಾಕಿದುವು. ಸಾಹಚರ್ಯದಿಂದ ಕಾರಣಕ್ಕೆ ಹೋಗುವ ದಾರಿಯು ಮುಚ್ಚಿಲ್ಲ. ಅದು ಉದ್ದವಾದುದು ಮಾತ್ರ.

ಹಾಗಾದರೆ ಆ ದಾರಿಯ ನಡುವಿನಲ್ಲಿ ನಿಂತಿರುವಾಗ ಹೇಗೆ ನಡೆದುಕೊಳ್ಳಬೇಕು? ಪೂರ್ಣಜ್ಞಾನವು ದೊರೆಯುವವರೆಗೆ ಲೋಕವ್ಯವಹಾರವು ಕಾಯದು. ಇಲ್ಲಿ ಒಂದು ವಿವೇಕವುಂಟು. ಸಾಹಚರ್ಯವನ್ನು ನಂಬಿ ಒಬ್ಬನಿಗೆ ನೆರವು ಕೊಟ್ಟು ಅದು ತಪ್ಪಾದರೆ, ಆಗುವ ನಷ್ಟವು ಕೊಟ್ಟವನದು. ಅದನ್ನೇ ನಂಬಿ ಒಬ್ಬನನ್ನು ದಂಡಿಸಿ, ಇಲ್ಲವೆ ಬಾಗಿಲಿನಿಂದ ಹೊರಗಿಟ್ಟು ಅದು ತಪ್ಪಾದರೆ, ಆಗುವ ನಷ್ಟವು ನಿರಪರಾಧಿಯದು. ಉಪವಾಸದ ಮಕ್ಕಳು ಪಾಠದಲ್ಲಿ ಹಿಂದೆ ಬೀಳುವರೆಂಬ ಲೆಕ್ಕವು ಕಾರಣವನ್ನು ಪೂರ್ತಿಯಾಗಿ ಸ್ಥಾಪಿಸದಿದ್ದರೂ ಮಧ್ಯಾಹ್ನದ ಊಟವನ್ನು ಬಡಿಸುವುದಕ್ಕೆ ಅದು ಸಾಕು. ಉಂಡ ಮಗು ಜಾಣನಾಗದಿದ್ದರೂ ಹಸಿವಂತೂ ತೀರಿತು. ಇಂಥ ಕೇರಿಯ ಮಕ್ಕಳಲ್ಲಿ ಕಳವು ಹೆಚ್ಚೆಂಬ ಲೆಕ್ಕವು ಎಷ್ಟೇ ದೊಡ್ಡದಾದರೂ ಒಂದು ಮಗುವಿನ ಚೀಲವನ್ನು ತಡಕುವುದಕ್ಕೆ ಅದು ಸಾಲದು. ಕೈನೀಡುವುದಕ್ಕೆ ಬೇಕಾದ ಪ್ರಮಾಣವು ಕಡಮೆಯಿರಬಹುದು. ಕೈಯೆತ್ತುವುದಕ್ಕೆ ಬೇಕಾದ ಪ್ರಮಾಣವು ಹೆಚ್ಚಿರಲೇಬೇಕು.

ಮದರಾಸು ಪ್ರಾಂತದಲ್ಲಿ ಆ ಕಾಯಿದೆಯು 1947ರಲ್ಲಿ ರದ್ದಾಯಿತು. 1952ರ ಆಗಸ್ಟ್ 31ರಂದು ಭಾರತದಲ್ಲೆಲ್ಲ ಹೋಯಿತು. ಕಾನೂನಿನ ಪುಸ್ತಕದಿಂದ ಒಂದು ಹಾಳೆಯನ್ನು ಕೀಳುವುದಕ್ಕೆ ಒಂದು ದಿನ ಸಾಕು. ಮನಸ್ಸಿನಲ್ಲಿ ಬರೆದ ಪಟ್ಟಿಯು ಅಷ್ಟು ಸುಲಭವಾಗಿ ಅಳಿಯದು. ಮನೆಯಲ್ಲಿ ಒಂದು ಒಡವೆಯು ಕಾಣದಾದಾಗ ಕೆಲಸದವಳ ಮೇಲೆ ಮೊದಲು ಹರಿಯುವ ಕಣ್ಣು, ಹೊಸ ಸೊಸೆ ಬಂದ ವರ್ಷವೇ ಬೆಳೆ ಹೋದರೆ ಆಕೆಯ ಕಾಲ್ಗುಣವನ್ನು ಹಳಿಯುವ ನಾಲಗೆ, ಹೆಸರನ್ನು ಕೇಳಿದೊಡನೆ ಊರನ್ನೂ ಕುಲವನ್ನೂ ಊಹಿಸಿ ಯೋಗ್ಯತೆಯನ್ನು ಗೊತ್ತುಮಾಡುವ ಬುದ್ಧಿ, ಇವೆಲ್ಲ ಆ ಪಟ್ಟಿಯ ಹಾಳೆಗಳೇ. ಓದುಬರಹವುಳ್ಳ ಮನೆಗಳು ಕಾಲ್ಗುಣದ ಮಾತನ್ನು ಮೂಢನಂಬಿಕೆಯೆಂದು ನಗುವುದುಂಟು. ಆದರೆ ಅದೇ ತಪ್ಪು ಅಂಕಿಅಂಶಗಳ ವೇಷದಲ್ಲಿ ಬಂದರೆ ಕುರ್ಚಿ ಕೊಟ್ಟು ಕೂರಿಸುವುವು.

ಮನಶ್ಶಾಸ್ತ್ರದ ಈ ವಿಧಾನವನ್ನು ಸರಿಯಾಗಿ ಕಲಿತವನಿಗೆ ಲಭಿಸುವುದು ಗಣಿತದ ಕೌಶಲವೊಂದೇ ಅಲ್ಲ. ಎರಡು ಸಂಗತಿಗಳನ್ನು ಜೊತೆಯಾಗಿ ಕಂಡಾಗ ಮೂರನೆಯದೇನೆಂದು ಕೇಳುವುದು, ಲೆಕ್ಕವನ್ನು ಬರೆದವನಾರು ಎಲ್ಲಿ ಹುಡುಕಿ ಬರೆದನು ಎಂದು ವಿಚಾರಿಸುವುದು, ಸಮೂಹದ ಮಾತನ್ನು ವ್ಯಕ್ತಿಯ ಹಣೆಗೆ ಹಚ್ಚದಿರುವುದು, ಈ ಮೂರೂ ಅಭ್ಯಾಸವಾಗಿ ಬರಬೇಕು. ಅಭ್ಯಾಸವಾಗುವುದಕ್ಕೆ ಪ್ರಯೋಗಶಾಲೆಯು ಬೇಕಾಗಿಲ್ಲ. ಹಿಂದಣ ಸಾಲಿನ ಹುಡುಗನನ್ನು ಎಬ್ಬಿಸಿ ಅವನ ಪಾಠವನ್ನು ಅವನಿಂದಲೇ ಕೇಳುವ ಉಪಾಧ್ಯಾಯನು ಸಹಸಂಬಂಧದ ಸೂತ್ರವನ್ನು ಎಂದೂ ಕಾಣದವನಾಗಿದ್ದರೂ ಅದರ ಸಾರವನ್ನು ಬಲ್ಲವನೆಂದೇ ಹೇಳಬೇಕು.